ಹಳೇ ವಾಲ್ವ್ ಆಂಪ್: ಕೊಳ್ಳಲೇ, ಬಿಡಲೇ?

ಪ್ರಶ್ನೆ: ಸರ್, ಹದಿನೈದು ವರ್ಷದಿಂದ ಗಿಟಾರ್ ನುಡಿಸುತ್ತಿದ್ದೇನೆ. ಇಷ್ಟು ದಿನ ಟ್ರಾನ್ಸಿಸ್ಟರ್ ಆಂಪ್‌ನಲ್ಲೇ ಕಳೆದೆ. ಈಗ ಪರಿಚಯದವರೊಬ್ಬರ ಹತ್ತಿರ ಹಳೇ ಫೆಂಡರ್ ಡಿಲಕ್ಸ್ ರಿವರ್ಬ್ ಒಂದು ಮಾರಾಟಕ್ಕಿದೆ, ಗಾಜಿನ ವಾಲ್ವ್‌ಗಳಿಂದ (ವ್ಯಾಕ್ಯೂಮ್ ಟ್ಯೂಬ್) ನಡೆಯುವ ಗಿಟಾರ್ ಆಂಪ್. ಮುಂದಿನ ಫಲಕ ಬೆಳ್ಳಿ ಬಣ್ಣದ್ದು, 1968ರದ್ದು ಅನ್ನುತ್ತಾರೆ. ರೆಕ್ಸಿನ್ ಮೂಲೆಗಳಲ್ಲಿ ಕಿತ್ತುಹೋಗಿದೆ, ಹಿಂದಿನ ಒಂದು ಹಲಗೆ ಇಲ್ಲ, ಸ್ಪೀಕರ್‌ನ ಕಾಗದ ಬೆರಳುದ್ದ ಸೀಳಿದೆ. ಪ್ಲಗ್‌ನ ಅರ್ಥ್ ಪಿನ್ನನ್ನು ಯಾರೋ ಕತ್ತರಿಸಿದ್ದಾರೆ. ಆನ್ ಮಾಡಿದರೆ ಗುಂಯ್ ಅನ್ನುತ್ತದೆ, ಸದ್ದನ್ನು ಅಲೆಅಲೆಯಾಗಿ ಏರಿಳಿಸುವ ವೈಬ್ರಾಟೋ ಕೆಲಸ ಮಾಡುವುದಿಲ್ಲ. ಆದರೂ ಐದು ನಿಮಿಷ ನುಡಿಸಿದೆ, ಆ ಸದ್ದು ಇನ್ನೂ ಕಿವಿಯಲ್ಲೇ ಇದೆ. "ವಾಲ್ವ್ ಬದಲಾಯಿಸಿದರೆ ಸಾಕು, ಹೊಸದರ ಹಾಗಾಗುತ್ತೆ" ಅನ್ನುತ್ತಾರೆ ಮಾರುವವರು. ಹಿಂದಿನಿಂದ ಟಾರ್ಚ್ ಹಾಕಿ ನೋಡಿದಾಗ ದೊಡ್ಡ ಟ್ರಾನ್ಸ್‌ಫಾರ್ಮರ್ ಮೇಲೆ 606-8-35, ಸ್ಪೀಕರ್ ಮೇಲೆ 465-830 ಅಂತ ಕಂಡಿತು. ಕೊಳ್ಳಬಹುದಾ?

ಉತ್ತರ: ನೀವು ಬರೆದದ್ದರಲ್ಲಿ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಆ ಎರಡು ನಂಬರ್. ಟಾರ್ಚ್ ಹಾಕಿ ನೋಡಿದಿರಲ್ಲ, ಅರ್ಧ ಕೆಲಸ ಅಲ್ಲೇ ಆಯಿತು. 606 ಅಂದರೆ ಶುಮಾಕರ್ ಕಂಪನಿ, ಆ ಕಾಲದಲ್ಲಿ ಫೆಂಡರ್‌ಗೆ ಟ್ರಾನ್ಸ್‌ಫಾರ್ಮರ್ ಮಾಡಿಕೊಡುತ್ತಿದ್ದವರು. ಮುಂದಿನ 8 ವರ್ಷದ ಕೊನೆಯ ಅಂಕಿ, 35 ಅಂದರೆ ಆ ವರ್ಷದ 35ನೇ ವಾರ. ಸ್ಪೀಕರ್‌ನ 465 ಆಕ್ಸ್‌ಫರ್ಡ್ ಕಂಪನಿಯ ಸಂಖ್ಯೆ, ಅದೂ 8ರಲ್ಲಿ ಮುಗಿಯುವ ವರ್ಷದ್ದು, 30ನೇ ವಾರದ್ದು. ಐದು ವಾರದ ಅಂತರದಲ್ಲಿ ತಯಾರಾದ ಎರಡು ಭಾಗ ಒಂದೇ ಪೆಟ್ಟಿಗೆಯಲ್ಲಿವೆ ಅಂದರೆ, ಅವು ಹುಟ್ಟಿದಾಗಿನಿಂದ ಒಟ್ಟಿಗೇ ಇರುವ ಸಾಧ್ಯತೆ ಜಾಸ್ತಿ. ಒಂದೇ ಅನುಮಾನ, 8 ಅಂದರೆ 1968 ಆಗಬಹುದು, 1978 ಕೂಡ ಆಗಬಹುದು. ಬಿಚ್ಚಿದಾಗ ವಾಲ್ಯೂಮ್ ಕಂಟ್ರೋಲ್‌ಗಳ ಬೆನ್ನು ನೋಡಿ. 137 ಅಂತ ಶುರುವಾಗಿ ಮುಂದೆ 68 ಅಂತಿದ್ದರೆ ಸಿಟಿಎಸ್ ಕಂಪನಿಯದ್ದು, 1968ರದ್ದು. ಅಲ್ಲಿ ವರ್ಷಕ್ಕೆ ಎರಡು ಅಂಕಿ ಇರುವುದರಿಂದ ಅನುಮಾನ ತೀರುತ್ತದೆ.

"ಬೆಳ್ಳಿ ಫಲಕದ್ದು ಬೇಡ, ಅದಕ್ಕೂ ಹಿಂದಿನ ಕಪ್ಪು ಫಲಕದ್ದೇ ಬೇಕು" ಅನ್ನುವವರು ಸಿಗುತ್ತಾರೆ. 1965ರಲ್ಲಿ ಫೆಂಡರ್ ಕಂಪನಿಯನ್ನು ಅಮೆರಿಕದ ಪ್ರಸಾರ ಕಂಪನಿ ಸಿಬಿಎಸ್ ಕೊಂಡಿತು, ಆಮೇಲಿನದೆಲ್ಲ ಕಳಪೆ ಅನ್ನುವುದು ಅವರ ವಾದ. ದೊಡ್ಡ ಆಂಪ್‌ಗಳಲ್ಲಿ ಸರ್ಕ್ಯೂಟ್ ಬದಲಾಯಿಸಿದ್ದು ನಿಜ. ಆದರೆ ಡಿಲಕ್ಸ್ ರಿವರ್ಬ್ ವಿಷಯದಲ್ಲಿ ಒಳಗಿನ ಸರ್ಕ್ಯೂಟ್ ಬಹುಪಾಲು ಹಿಂದಿನದೇ. ನುಡಿಸುವವನಿಗೆ ಬೆಳ್ಳಿ ಫಲಕವೇ ಲಾಭ, ಯಾಕೆಂದರೆ ಸಂಗ್ರಹ ಮಾಡುವವರ ಪೈಪೋಟಿ ಅದಕ್ಕೆ ಸ್ವಲ್ಪ ಕಡಿಮೆ.

ಈಗ ಮುಖ್ಯ ಮಾತು. ಹಳೇ ಆಂಪ್ ಕೊಳ್ಳುವಾಗ ನೀವು ನಿಜವಾಗಿ ಕೊಳ್ಳುತ್ತಿರುವುದು ಟ್ರಾನ್ಸ್‌ಫಾರ್ಮರ್‌ಗಳನ್ನು. ಆಮೇಲೆ ಸ್ಪೀಕರ್, ಆಮೇಲೆ ಪೆಟ್ಟಿಗೆ. ಉಳಿದದ್ದೆಲ್ಲ ಸವೆದು ಬದಲಾಗುವ ಸಾಮಾನು. ವಾಲ್ವ್, ಕಂಡೆನ್ಸರ್, ರೆಸಿಸ್ಟರ್, ವೈರು, ಪ್ಲಗ್ಗು, ರೆಕ್ಸಿನ್ನು, ಇವೆಲ್ಲ ಇವತ್ತಿಗೂ ಹೊಸದಾಗಿ ಸಿಗುತ್ತವೆ. ವಾಲ್ವ್‌ಗಳಿಂದ ಸ್ಪೀಕರ್‌ಗೆ ಸದ್ದು ದಾಟಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟಿದ್ದರೂ ಹೊಸದು ಸಿಗುತ್ತದೆ ಅನ್ನಿ, ಮತ್ತೆ ಸುತ್ತಿಸಲೂಬಹುದು. ಆದರೆ ಅಲ್ಲಿಗೆ ಖರ್ಚಿನ ಲೆಕ್ಕವೂ ಬೇರೆ, ಆಂಪ್‌ನ ಬೆಲೆಯೂ ಬೇರೆ.

ಹಾಗಾಗಿ ಹರಿದ ರೆಕ್ಸಿನ್ ನೋಡಿ ಹೆದರಬೇಡಿ. ಮಿರಿ ಮಿರಿ ಮಿಂಚುವ ಆಂಪ್ ನೋಡಿ ಮರುಳಾಗಲೂ ಬೇಡಿ. ನಾನು ಮರುಳಾಗಿದ್ದೆ. ವರ್ಷಗಳ ಹಿಂದೆ, ಮೇಲ್ನೋಟಕ್ಕೆ ಚೊಕ್ಕಟವಾಗಿದ್ದ ಒಂದು ಹಳೇ ಆಂಪ್ ಕೇಳಿ ಖುಷಿಯಾಗಿ, ನಿಮ್ಮ ಹಾಗೆಯೇ ಐದು ನಿಮಿಷ ನುಡಿಸಿ, ಹಣ ಕೊಟ್ಟು ಹೊತ್ತು ತಂದೆ. ಮನೆಯಲ್ಲಿ ಇಪ್ಪತ್ತು ನಿಮಿಷ ಓಡಿದ ಮೇಲೆ ಸದ್ದು ಮೆಲ್ಲಗೆ ಮಂಕಾಯಿತು. ಹಿಂದೆ ಬಗ್ಗಿ ನೋಡಿದರೆ ಒಂದು ಪವರ್ ವಾಲ್ವ್‌ನ ಒಳಗಿನ ತಗಡು ಕೆಂಡದ ಬಣ್ಣಕ್ಕೆ ತಿರುಗಿತ್ತು. ನಾನು ಸ್ವಿಚ್ ಆರಿಸುವಷ್ಟರಲ್ಲಿ ತಡವಾಗಿತ್ತು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಒಂದು ಕಡೆಯ ಸುತ್ತು ಹೋಗಿತ್ತು. ಕಾರಣ ಹುಡುಕಿದರೆ ಕಡಲೆಕಾಯಿ ಗಾತ್ರದ ಒಂದು ಕಪ್ಲಿಂಗ್ ಕಂಡೆನ್ಸರ್, ಡಿಸಿ ತಡೆದು ಸದ್ದನ್ನು ಮಾತ್ರ ಮುಂದಿನ ವಾಲ್ವ್‌ಗೆ ಬಿಡುವಂಥದ್ದು. ತಣ್ಣಗಿದ್ದಾಗ ಸರಿಯಾಗಿತ್ತು. ಬಿಸಿಯಾದ ಮೇಲೆ ಡಿಸಿ ಸೋರಿ, ವಾಲ್ವ್‌ನ ಗ್ರಿಡ್ಡಿನ (ಒಳಗೆ ಕರೆಂಟನ್ನು ಹಿಡಿತದಲ್ಲಿಡುವ ಜಾಲರಿ) ಮೇಲೆ ಬರಬಾರದ ವೋಲ್ಟೇಜ್ ಬಂದಿತ್ತು. ಅರ್ಧ ಗಂಟೆ ಅಲ್ಲೇ ಕೂತು ನೋಡಿದ್ದರೆ ಆ ಟ್ರಾನ್ಸ್‌ಫಾರ್ಮರ್ ಉಳಿಯುತ್ತಿತ್ತು, ಅದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಆದ್ದರಿಂದ ಇನ್ನೊಮ್ಮೆ ಹೋಗಿ. ಈ ಸಲ ಒಂದು ಗಂಟೆ ಬಿಡುವು ಮಾಡಿಕೊಂಡು ಹೋಗಿ, ಜೊತೆಗೆ ನಿಮ್ಮದೇ ಗಿಟಾರ್, ನಿಮ್ಮದೇ ಕೇಬಲ್, ಟಾರ್ಚ್, ಮಲ್ಟಿಮೀಟರ್ ಇರಲಿ.

ಆದರೆ ಅರ್ಥ್ ಇಲ್ಲದ ಆ ಪ್ಲಗ್‌ನಲ್ಲಿ ಮತ್ತೆ ನುಡಿಸಬೇಡಿ. ಇದನ್ನು ಗಟ್ಟಿಯಾಗಿ ಹೇಳುತ್ತಿದ್ದೇನೆ. ಆ ಕಾಲದ ಆಂಪ್‌ಗಳಲ್ಲಿ ಗ್ರೌಂಡ್ ಸ್ವಿಚ್ ಅಂತ ಒಂದಿರುತ್ತದೆ, ಅದರಿಂದ ಚಾಸಿಗೆ (ಆಂಪ್‌ನ ಲೋಹದ ಚೌಕಟ್ಟಿಗೆ) ಒಂದು ಕಂಡೆನ್ಸರ್ ಹೋಗುತ್ತದೆ. ಆ ಕಂಡೆನ್ಸರ್ ಶಾರ್ಟ್ ಆದರೆ ಮೇನ್ಸ್ ಕರೆಂಟ್ ನೇರ ಚಾಸಿಗೆ ಬರುತ್ತದೆ, ಅಲ್ಲಿಂದ ಗಿಟಾರ್ ತಂತಿಗೆ, ತಂತಿ ಹಿಡಿದವನು ಮೈಕ್ ಮುಟ್ಟಿದರೆ ಅವನ ತುಟಿಗೆ. ರಿಪೇರಿಯವರು ಅದನ್ನು ಸಾವಿನ ಕಂಡೆನ್ಸರ್ ಅಂತಲೇ ಕರೆಯುತ್ತಾರೆ. ಅರ್ಥ್ ಇರುವ ಮೂರು ಪಿನ್ನಿನ ಹೊಸ ವೈರು ಹಾಕಿಸುವುದು, ಆ ಕಂಡೆನ್ಸರ್ ತೆಗೆಸುವುದು ಚಿಕ್ಕ ಕೆಲಸ. ಮಾರುವವರನ್ನು ಒಪ್ಪಿಸಿ, ಬೇಕಾದರೆ ಖರ್ಚು ನೀವೇ ಕೊಟ್ಟು, ತಿಳಿದವರಿಂದ ಅದನ್ನು ಮೊದಲು ಮಾಡಿಸಿ. ಆಮೇಲೆ ಪರೀಕ್ಷೆ.

ಇನ್ನೊಂದು ವಿಷಯ ವೋಲ್ಟೇಜ್. ಅಮೆರಿಕದ ಮಾರುಕಟ್ಟೆಗೆ ಮಾಡಿದ್ದಾದರೆ ಹಿಂದಿನ ಫಲಕದಲ್ಲಿ 117 ಅಥವಾ 120 ವೋಲ್ಟ್ ಅಂತ ಬರೆದಿರುತ್ತದೆ. ನಿಮ್ಮ ಮನೆಯ ಕರೆಂಟ್ 230 ವೋಲ್ಟ್ ಆಗಿದ್ದರೆ ನಡುವೆ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ನೇರ ಹಾಕಿದರೆ ಕ್ಷಣದಲ್ಲಿ ಎಲ್ಲ ಮುಗಿಯುತ್ತದೆ. ಈ ಆಂಪ್‌ಗೆ 300 ವಿಎ (ವೋಲ್ಟ್ ಆಂಪಿಯರ್) ಸಾಮರ್ಥ್ಯ ಇರುವುದನ್ನು ತೆಗೆದುಕೊಂಡರೆ ಆರಾಮ. ಅದೂ ಅರ್ಥ್ ಮುಂದಕ್ಕೆ ಸಾಗಿಸುವಂಥದ್ದಾಗಿರಲಿ, ಇಲ್ಲದಿದ್ದರೆ ಹೊಸ ಮೂರು ಪಿನ್ನು ಹಾಕಿಸಿದ್ದು ದಂಡ.

ಆನ್ ಮಾಡುವ ಮೊದಲು ಮೂಸಿ ನೋಡಿ. ಹೌದು, ಟ್ರಾನ್ಸ್‌ಫಾರ್ಮರ್ ಹತ್ತಿರ ಮೂಗು ಇಟ್ಟು ಮೂಸಿ. ಸುಟ್ಟ ವಾರ್ನಿಷ್ ವಾಸನೆ ವರ್ಷಗಟ್ಟಲೆ ಹೋಗುವುದಿಲ್ಲ. ಕಪ್ಪಗೆ ಏನಾದರೂ ಕರಗಿ ಸುರಿದಿದೆಯಾ ನೋಡಿ. ವಾಲ್ವ್‌ಗಳ ಗಾಜಿನ ತುದಿಯಲ್ಲಿ ಕನ್ನಡಿಯಂಥ ಬೆಳ್ಳಿ ಬಣ್ಣದ ಲೇಪ ಇರಬೇಕು. ಅದು ಹಾಲಿನ ಹಾಗೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೋಗಿದೆ ಎಂದರ್ಥ, ಆ ವಾಲ್ವ್ ಸತ್ತಿದೆ. ಅಂಥದ್ದು ಇದ್ದರೆ ಆನ್ ಮಾಡಲೇಬೇಡಿ.

ಆನ್ ಮಾಡಿದ ಮೇಲೆ ವಾಲ್ಯೂಮ್ ಎಲ್ಲ ಸೊನ್ನೆಗೆ ಇಟ್ಟು ಸುಮ್ನೆ ಕೇಳಿ. ಗುಂಯ್ ಸದ್ದು ಆಗಲೂ ಅಷ್ಟೇ ಇದ್ದು, ವಾಲ್ಯೂಮ್ ತಿರುಗಿಸಿದರೂ ಬದಲಾಗದಿದ್ದರೆ ಕರೆಂಟಿನ ಏರಿಳಿತ ಸಮ ಮಾಡುವ ಫಿಲ್ಟರ್ ಕಂಡೆನ್ಸರ್‌ಗಳು ಒಣಗಿವೆ ಅಂತ ಬಹುಪಾಲು ಹೇಳಬಹುದು. ಇದು ರೋಗವಲ್ಲ, ವಯಸ್ಸು. ಎಲೆಕ್ಟ್ರೋಲಿಟಿಕ್ ಕಂಡೆನ್ಸರ್ ಒಳಗೆ ದ್ರವ ಇರುತ್ತದೆ, ಸುಮಾರು 20 ವರ್ಷಕ್ಕೆ ಅದು ಆರಿಹೋಗುತ್ತದೆ. ನಿಮ್ಮ ಆಂಪ್ 1968ರದ್ದೇ ಆದರೆ ಅದಕ್ಕೆ ಐವತ್ತು ದಾಟಿದೆ. ಮಧ್ಯೆ ಯಾರೂ ಬದಲಾಯಿಸದಿದ್ದರೆ ಅದು ಗುಂಯ್ ಅನ್ನದೇ ಇದ್ದರೇ ಆಶ್ಚರ್ಯ. ಚಾಸಿಯ ಮೇಲೆ ಒಂದು ತಗಡಿನ ಮುಚ್ಚಳ ಇರುತ್ತದೆ, ಅದರ ಕೆಳಗೆ ಅವು ಸಾಲಾಗಿ ಮಲಗಿರುತ್ತವೆ. ತುದಿ ಉಬ್ಬಿದ್ದರೆ, ಅಂಟಂಟು ಹೊರಬಂದಿದ್ದರೆ ನೋಡಿದ ತಕ್ಷಣ ಗೊತ್ತಾಗುತ್ತದೆ. ಬದಲಾಯಿಸುವಾಗ ಬಯಾಸ್ ಕಂಡೆನ್ಸರನ್ನೂ ಬದಲಾಯಿಸಲು ಹೇಳಿ. ಬೇರೆ ಜಾಗದಲ್ಲಿ ಚಿಕ್ಕದಾಗಿ ಇರುವುದರಿಂದ ಬಹಳ ಜನ ಅದನ್ನು ಮರೆತುಬಿಡುತ್ತಾರೆ. ಅದು ಕೈಕೊಟ್ಟರೆ ಪವರ್ ವಾಲ್ವ್‌ಗಳಿಗೆ ಕಡಿವಾಣವೇ ಇರುವುದಿಲ್ಲ.

ಆಮೇಲೆ ಅರ್ಧ ಗಂಟೆ ನುಡಿಸಿ, ಆಗಾಗ ಹಿಂದೆ ಬಗ್ಗಿ ವಾಲ್ವ್ ನೋಡಿ. ಒಳಗೆ ಕಿತ್ತಳೆ ಬಣ್ಣದ ತಂತಿ ಉರಿಯುವುದು ಸಹಜ. ಗಾಜಿನ ಒಳಮೈಯಲ್ಲಿ ತೆಳು ನೀಲಿ ಬೆಳಕು ಕಂಡರೂ ಹೆಚ್ಚಿನ ಸಲ ಗಾಬರಿ ಬೇಡ. ಬೂದು ಬಣ್ಣದ ತಗಡು ಕೆಂಪಾಗುವುದು ಮಾತ್ರ ಅಪಾಯ, ಕಂಡ ಕೂಡಲೇ ಆರಿಸಿ. ಒಗ್ಗರಣೆ ಸಿಡಿದ ಹಾಗೆ ಚಿಟಪಟ ಕೇಳಿದರೆ ಅದು ಹಳೇ ಕಾರ್ಬನ್ ರೆಸಿಸ್ಟರ್‌ಗಳ ಗಲಾಟೆ ಇರಬಹುದು, ಬದಲಾಯಿಸುವುದು ಸುಲಭ. ಕಂಟ್ರೋಲ್ ತಿರುಗಿಸುವಾಗ ಮಾತ್ರ ಕರಕರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಸಾಕು. ಪೆನ್ಸಿಲ್ ತುದಿಯಿಂದ ಒಂದೊಂದೇ ವಾಲ್ವ್ ಮೆಲ್ಲಗೆ ತಟ್ಟಿ. ಯಾವುದಾದರೂ ಸ್ಪೀಕರ್‌ನಲ್ಲಿ ಟಣ್ ಅಂತ ಜೋರಾಗಿ ಮೊಳಗಿದರೆ ಅದನ್ನು ಬದಲಾಯಿಸಬೇಕು.

ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಬದುಕಿದೆಯಾ ಅಂತ ಕಿವಿಯೇ ಹೇಳುತ್ತದೆ. ವಾಲ್ಯೂಮ್ ಅರ್ಧ ದಾಟಿಸಿ ದಪ್ಪ ತಂತಿ ಬಾರಿಸಿ. 22 ವಾಟ್‌ನ ಆಂಪ್ ಒಂದು ಕೋಣೆಯನ್ನು ಅಲ್ಲಾಡಿಸಬೇಕು, ಸದ್ದು ತುಂಬಿಕೊಂಡು ಬರಬೇಕು. ವಾಲ್ವ್ ಬದಲಾಯಿಸಿದರೂ ಸದ್ದು ಸೊರಗಿ, ಗಂಟಲು ಕಟ್ಟಿದ ಹಾಗಿದ್ದರೆ ಅನುಮಾನ ಪಡಿ. ತಿಳಿದವರು ಜೊತೆಗಿದ್ದರೆ, ಕರೆಂಟ್ ತೆಗೆದು, ಕಂಡೆನ್ಸರ್ ಖಾಲಿ ಮಾಡಿ, ಪವರ್ ವಾಲ್ವ್ ಕಿತ್ತು, ಟ್ರಾನ್ಸ್‌ಫಾರ್ಮರ್‌ನ ನಡುವಿನ ತಂತಿಯಿಂದ ಎರಡೂ ಬದಿಗೆ ಓಮ್ಸ್ ಅಳೆಯಲಿ. ಎರಡೂ ಹೆಚ್ಚುಕಡಿಮೆ ಹತ್ತಿರ ಇರಬೇಕು. ಒಂದು ಕಡೆ ಏನೂ ತೋರಿಸದಿದ್ದರೆ ಸುತ್ತು ಹರಿದಿದೆ.

ಸ್ಪೀಕರ್ ಸೀಳು ದೊಡ್ಡ ವಿಷಯವಲ್ಲ. ತೆಳು ಕಾಗದವನ್ನು ನೀರು ಬೆರೆಸಿದ ಬಿಳಿ ಅಂಟಿನಲ್ಲಿ ನೆನೆಸಿ ಹಿಂದಿನಿಂದ ಅಂಟಿಸಿದರೆ ವರ್ಷಗಟ್ಟಲೆ ಇರುತ್ತದೆ. ಅದಕ್ಕಿಂತ ಮುಖ್ಯ, ಎರಡೂ ಕೈ ಬೆರಳುಗಳಿಂದ ಕೋನನ್ನು ಸಮವಾಗಿ, ಮೆಲ್ಲಗೆ ಒಳಕ್ಕೆ ಒತ್ತಿ ಬಿಡಿ. ಸದ್ದಿಲ್ಲದೆ ಹೋಗಿ ಬಂದರೆ ಸರಿ. ಮರಳು ಉಜ್ಜಿದ ಹಾಗೆ ಕೇಳಿದರೆ ಕಾಯಿಲ್ ತಾಗುತ್ತಿದೆ, ಹೊಸ ಕೋನ್ ಕೂರಿಸಬೇಕಾಗುತ್ತದೆ.

ಮತ್ತೆ ನಿಮ್ಮ ವೈಬ್ರಾಟೋ. ಇದು ನಿಮಗೆ ಖುಷಿ ಕೊಡುವ ಸುದ್ದಿ ಇರಬಹುದು. ಈ ಆಂಪ್‌ನಲ್ಲಿ ಕಾಲಿನ ಸ್ವಿಚ್ ಜೋಡಿಸದಿದ್ದರೆ ವೈಬ್ರಾಟೋ ಕೆಲಸ ಮಾಡುವುದೇ ಇಲ್ಲ! ಎಷ್ಟೋ ಆಂಪ್‌ಗಳು ಕೆಟ್ಟಿವೆ ಅಂತ ಮಾರಾಟವಾಗುವುದು ಬರೀ ಪೆಡಲ್ ಕಳೆದುಹೋದದ್ದಕ್ಕೆ. ಆರ್‌ಸಿಎ ಪ್ಲಗ್ ಒಂದರ ನಡುವಿನ ಪಿನ್ನು ಮತ್ತು ಹೊರಗಿನ ಬಳೆಯನ್ನು ಒಂದು ತುಂಡು ವೈರಿನಿಂದ ಕೂಡಿಸಿ, ಹಿಂದಿನ ವೈಬ್ರಾಟೋ ಪೆಡಲ್ ಜಾಗಕ್ಕೆ ಚುಚ್ಚಿ. ವೇಗ, ತೀವ್ರತೆ ಎರಡೂ ಕಂಟ್ರೋಲ್ ಮಧ್ಯಕ್ಕೆ ತನ್ನಿ. ಸದ್ದು ಅಲೆಅಲೆಯಾಗಿ ಏರಿಳಿದರೆ ಅದು ಸರಿಯಾಗಿಯೇ ಇದೆ.

ಹಣದ ಲೆಕ್ಕ ಹೀಗೆ ಮಾಡಿ. ಇದೇ ಮಾದರಿ, ಇದೇ ಕಾಲದ್ದು, ಸರ್ವಿಸ್ ಮಾಡಿಸಿ ಸರಿಯಾಗಿ ಓಡುತ್ತಿರುವುದು ಎಷ್ಟಕ್ಕೆ ಹೋಗುತ್ತದೆ ತಿಳಿದುಕೊಳ್ಳಿ. ಕೇಳುವ ಬೆಲೆ ಅಲ್ಲ, ನಿಜವಾಗಿ ಮಾರಾಟವಾದ ಬೆಲೆ. ಅದರಿಂದ ಕಂಡೆನ್ಸರ್, ವಾಲ್ವ್, ಪ್ಲಗ್, ಸ್ಪೀಕರ್, ಕೂಲಿ ಎಲ್ಲ ಕಳೆಯಿರಿ. ಉಳಿದದ್ದರಲ್ಲಿ ಐದನೇ ಒಂದು ಭಾಗ ಮತ್ತೆ ಕಳೆಯಿರಿ, ಬಿಚ್ಚಿದ ಮೇಲೆ ಹೊಸದೇನೋ ಕಾಣುವುದು ಇದ್ದದ್ದೇ. ಅಷ್ಟು ಕೊಡಿ. ಮಾರುವವರು ವಾಲ್ವ್ ಒಂದೇ ಅನ್ನುತ್ತಾರಲ್ಲ, ಜಗಳ ಆಡಬೇಡಿ, ಪಟ್ಟಿ ತೋರಿಸಿ. ಬಹಳ ಜನರಿಗೆ ನಿಜವಾಗಿ ಗೊತ್ತಿರುವುದಿಲ್ಲ.

ಪವರ್, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಎರಡೂ ಸರಿಯಿದ್ದರೆ ಕೊಳ್ಳಿ. ಮತ್ತೆ ಮಾರಿ ಲಾಭ ಮಾಡುವ ಯೋಚನೆ ಇದ್ದರೆ ಬೇಡ, ಅದರಲ್ಲಿ ಕೈಗೆ ಹತ್ತುವುದು ಕಡಿಮೆ, ತಲೆನೋವು ಜಾಸ್ತಿ. ನುಡಿಸಲು ಅಂತಾದರೆ, ಕಿವಿಯಲ್ಲಿ ಉಳಿದಿದೆ ಅಂದಿರಲ್ಲ, ಆ ಮಾತು ನನಗೆ ಅರ್ಥವಾಗುತ್ತದೆ.

ಪ್ರಶ್ನೆ: ನನ್ನ ಹತ್ತಿರ 1970ರ ದಶಕದ ವಾಲ್ವ್ ಆಂಪ್ ಇದೆ. ಬೆಸುಗೆ ಹಾಕಲು ಬರುತ್ತದೆ, ಪೆಡಲ್‌ಗಳನ್ನು ಕಿಟ್ ತಂದು ಜೋಡಿಸಿದ್ದೇನೆ. ಕಂಡೆನ್ಸರ್ ನಾನೇ ಬದಲಾಯಿಸಬಹುದಾ?

ಉತ್ತರ: ಪೆಡಲ್ ಒಳಗೆ 9 ವೋಲ್ಟ್. ಇಲ್ಲಿ 400 ದಾಟುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಕಂಡೆನ್ಸರ್‌ಗಳಲ್ಲಿ ಉಳಿದಿರಬಹುದು, ಕೆಲವು ಆಂಪ್‌ಗಳಲ್ಲಿ ದಿನಗಟ್ಟಲೆ ಕೂಡ. ಬೆಸುಗೆ ಬರುವುದು ಬೇರೆ, ಇದು ಬೇರೆ. ಮೊದಲ ಸಲ ಬಲ್ಲವರ ಪಕ್ಕ ಕೂತು ಮಾಡಿ, ಒಬ್ಬರೇ ಇರುವಾಗ ಬೇಡ.

ಕಲಿಯುವಾಗ ಒಂದು ಅಭ್ಯಾಸ ಮೊದಲ ದಿನದಿಂದಲೇ ಕೈಗೆ ಹತ್ತಲಿ. ಪ್ಲಗ್ ಕಿತ್ತು, ಅದನ್ನು ಕಣ್ಣೆದುರಿಗೇ ಮೇಜಿನ ಮೇಲೆ ಇಡಿ. ಮೀಟರ್‌ನ ಕಪ್ಪು ತಂತಿಯನ್ನು ಚಾಸಿಗೆ ಕ್ಲಿಪ್ ಮಾಡಿ, ಕೆಂಪನ್ನು ಮೊದಲ ಫಿಲ್ಟರ್ ಕಂಡೆನ್ಸರ್‌ನ ಪ್ಲಸ್‌ಗೆ ಹಿಡಿದು ವೋಲ್ಟೇಜ್ ಓದಿ. 10 ಕಿಲೋ ಓಮ್, 5 ವಾಟ್‌ನ ರೆಸಿಸ್ಟರ್ ಒಂದಕ್ಕೆ ಚೆನ್ನಾಗಿ ಇನ್ಸುಲೇಟ್ ಮಾಡಿದ ಎರಡು ಕ್ಲಿಪ್ ವೈರು ಕೂಡಿಸಿಟ್ಟುಕೊಳ್ಳಿ, ಅದರಿಂದ ಅದೇ ಜಾಗವನ್ನು ಚಾಸಿಗೆ ಸೇರಿಸಿ. ಮೀಟರ್‌ನಲ್ಲಿ ಸಂಖ್ಯೆ ಇಳಿಯುವುದು ಕಾಣುತ್ತದೆ. ಒಂದೆರಡು ವೋಲ್ಟ್‌ಗೆ ಬರುವ ತನಕ ಕಾಯಿರಿ, ಬೇರೆ ಕಂಡೆನ್ಸರ್‌ಗಳನ್ನೂ ಅಳೆಯಿರಿ. ಸ್ಕ್ರೂಡ್ರೈವರ್ ಇಟ್ಟು ಕಿಡಿ ಹಾರಿಸುವುದನ್ನು ಯಾರಾದರೂ ತೋರಿಸಿದರೆ ಅವರ ಹತ್ತಿರ ಕಲಿಯಬೇಡಿ.

ಕೆಲಸ ಮುಗಿದ ಮೇಲೆ ಮೊದಲ ಸಲ ಆನ್ ಮಾಡುವಾಗ ಸೀರೀಸ್ ಬಲ್ಬ್ (ಮೇನ್ಸ್ ಮತ್ತು ಆಂಪ್ ನಡುವೆ ಸರಣಿಯಲ್ಲಿ ಕೂಡಿಸಿದ ಬಲ್ಬ್) ಹಾಕಿಯೇ ಮಾಡಿ. ಹಳೇ ತಂತಿ ಬಲ್ಬೇ ಬೇಕು, 60 ಅಥವಾ 100 ವಾಟ್‌ನದ್ದು. ಎಲ್‌ಇಡಿ ನಡೆಯುವುದಿಲ್ಲ. ಬಲ್ಬ್ ಒಮ್ಮೆ ಜೋರಾಗಿ ಹೊಳೆದು ಮಂಕಾದರೆ ಒಳ್ಳೇದು. ಪೂರ್ತಿ ಬೆಳಕಿನಲ್ಲೇ ನಿಂತರೆ ಎಲ್ಲೋ ಶಾರ್ಟ್ ಇದೆ, ಆರಿಸಿ ಹುಡುಕಿ. ಮತ್ತೆ, ಸ್ಪೀಕರ್ ಜೋಡಿಸದೆ ವಾಲ್ವ್ ಆಂಪನ್ನು ಯಾವತ್ತೂ ಆನ್ ಮಾಡಬೇಡಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹಾಳಾಗುವ ದಾರಿಗಳಲ್ಲಿ ಇದೊಂದು.

ಪ್ರಶ್ನೆ: ಹಳೇ ಭಾಗಗಳನ್ನು ಬದಲಾಯಿಸಿದರೆ ಆಂಪ್‌ನ ಬೆಲೆ ಬೀಳುತ್ತದೆ ಅಂತ ಗೆಳೆಯ ಹೇಳುತ್ತಾನೆ. ರೆಕ್ಸಿನ್ ಕೂಡ ಹೊಸದು ಹಾಕಿಸಬೇಕು ಅಂತಿದ್ದೆ. ಏನು ಮಾಡಲಿ?

ಉತ್ತರ: ಗೆಳೆಯನ ಮಾತು ಅರ್ಧ ಸರಿ. ಫಿಲ್ಟರ್ ಕಂಡೆನ್ಸರ್, ವಾಲ್ವ್, ಅರ್ಥ್ ಇರುವ ವೈರು, ಇವಕ್ಕೆ ಯಾವ ಬಲ್ಲವನೂ ಬೆಲೆ ಇಳಿಸುವುದಿಲ್ಲ, ಬದಲಾಯಿಸದಿದ್ದರೇ ಇಳಿಸುತ್ತಾನೆ. ಟ್ರಾನ್ಸ್‌ಫಾರ್ಮರ್, ಸ್ಪೀಕರ್, ಸರಿಯಾಗಿರುವ ಕಪ್ಲಿಂಗ್ ಕಂಡೆನ್ಸರ್‌ಗಳನ್ನು ಮಾತ್ರ ಕಾರಣವಿಲ್ಲದೆ ಮುಟ್ಟಬೇಡಿ. ಆ ಆಂಪ್‌ನ ದನಿ ಇರುವುದು ಅಲ್ಲಿ. ಫಲಕದಲ್ಲಿ ಹೊಸ ತೂತು ಕೊರೆಯುವುದಂತೂ ಬೇಡವೇ ಬೇಡ. ತೆಗೆದ ಪ್ರತಿ ಭಾಗವನ್ನೂ ಒಂದು ಚೀಲದಲ್ಲಿ ಹಾಕಿ, ತಾರೀಖು ಬರೆದು, ಪೆಟ್ಟಿಗೆಯ ತಳದಲ್ಲಿ ಇಡಿ.

ರೆಕ್ಸಿನ್ ಹಾಗೇ ಇರಲಿ. ಮೂಲೆ ಎದ್ದಿದ್ದರೆ ಅಂಟು ಹಚ್ಚಿ ಕೂರಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಪೆಟ್ಟಿಗೆಯ ಮರದ ಕೀಲುಗಳು ಅಲ್ಲಾಡುತ್ತಿವೆಯಾ ನೋಡಿ, ಅದನ್ನು ಮಾತ್ರ ಬಿಡಬೇಡಿ. ಸಡಿಲ ಕೀಲು ಇದ್ದರೆ ಜೋರಾಗಿ ನುಡಿಸಿದಾಗ ಝರ್ ಅನ್ನುತ್ತದೆ, ಸ್ಪೀಕರ್ ಹೋಯಿತು ಅಂತ ನೀವು ಸುಮ್ನೆ ಹೆದರುತ್ತೀರಿ.

ಪ್ರಶ್ನೆ: ನನ್ನ ಹಳೇ ಆಂಪ್‌ನಲ್ಲಿ ರಿವರ್ಬ್ ಬರುತ್ತಿಲ್ಲ. ವಾಲ್ವ್ ಬದಲಾಯಿಸಿ ನೋಡಿದೆ, ಪ್ರಯೋಜನ ಇಲ್ಲ. ಹೊಸ ಟ್ಯಾಂಕ್ (ರಿವರ್ಬ್ ಸ್ಪ್ರಿಂಗ್‌ಗಳಿರುವ ತಗಡಿನ ಡಬ್ಬಿ) ತರಿಸಲೇ?

ಉತ್ತರ: ತಡೆಯಿರಿ. ರಿವರ್ಬ್ ಕಂಟ್ರೋಲ್ ಏರಿಸಿ ಪೆಟ್ಟಿಗೆಯನ್ನು ಮೆಲ್ಲಗೆ ಅಲ್ಲಾಡಿಸಿ. ಗುಡುಗಿನ ಸದ್ದು ಬಂದರೆ ಸ್ಪ್ರಿಂಗ್‌ನಿಂದ ವಾಪಸ್ ಬರುವ ಕಡೆ ಸರಿಯಿದೆ, ತೊಂದರೆ ಕಳಿಸುವ ಕಡೆ. ಗುಡುಗು ಬರದಿದ್ದರೆ ವಾಪಸ್ ಬರುವ ಕಡೆ. ಎರಡರಲ್ಲೂ ಮೊದಲು ಆರ್‌ಸಿಎ ವೈರುಗಳನ್ನು ಬದಲಾಯಿಸಿ ನೋಡಿ, ಅವು ಅದಲುಬದಲಾಗಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಆಮೇಲೂ ಇಲ್ಲದಿದ್ದರೆ ಆಂಪ್ ಆರಿಸಿ, ಟ್ಯಾಂಕ್ ಹೊರತೆಗೆದು ತಲೆಕೆಳಗು ಮಾಡಿ ಒಳ್ಳೇ ಬೆಳಕಿನಲ್ಲಿ ನೋಡಿ. ಎರಡೂ ತುದಿಯ ಚಿಕ್ಕ ಕಾಯಿಲ್‌ನಿಂದ ಪ್ಲಗ್ ಕಡೆಗೆ ಕೂದಲೆಳೆಯಂಥ ತಂತಿಗಳು ಹೋಗುತ್ತವೆ. ಅವುಗಳಲ್ಲಿ ಒಂದು ತುಂಡಾಗಿರುವುದೇ ಜಾಸ್ತಿ. ಬೆಸುಗೆ ಕಡ್ಡಿ ಬಿಸಿ ಮಾಡಿ, ನಿಧಾನವಾಗಿ ಒಂದು ಚುಕ್ಕೆ ಬೆಸುಗೆ ಹಾಕಿದರೆ ರಿವರ್ಬ್ ವಾಪಸ್ ಬರುತ್ತದೆ. ತಂತಿ ಕಾಯಿಲ್‌ನ ಬುಡದಲ್ಲೇ ಕಿತ್ತಿದ್ದರೆ ಮಾತ್ರ ಹೊಸ ಟ್ಯಾಂಕ್ ತರಿಸಿ. ಹಳೆಯದರ ಮೇಲೆ ಅಚ್ಚಾಗಿರುವ ನಂಬರ್ ಬರೆದುಕೊಂಡು, ಅದಕ್ಕೆ ಹೊಂದುವುದನ್ನೇ ಕೇಳಿ.